ವಾಸನೆಗೆ ಬಂದವನು

“ವಾಸನೆ ನೋಡಬೇಡ ಅಂತ ಡಾಕ್ಟ್ರು ಹೇಳಿದಾರಾ?” ಎಂದು ತೊಲೊಗೊನ್ ಕೇಳದೆ ಇದ್ದಿದ್ದರೆ ಶಾರ್ಶೆನ್ ಆ ಶುಕ್ರವಾರ ಗೋಡೆಗೆ ಮುಖ ಮಾಡಿ ತನ್ನ ಪಾಡಿಗೆ ಮಲಗಿರುತ್ತಿದ್ದ. ಎಲ್ಲ ಅನಾಹುತವೂ ಆ ಒಂದು ಪ್ರಶ್ನೆಯಿಂದ ಶುರುವಾಯಿತು.

ಶಾರ್ಶೆನ್ ಜಾರ್-ಬುಲಾಕ್ ಪಟ್ಟಣದ ಹವಾಮಾನ ಕೇಂದ್ರದ ನೌಕರ. ಕೇಂದ್ರ ಇರುವುದು ಊರಾಚೆಯ ಗುಡ್ಡದ ನೆತ್ತಿಯಲ್ಲಿ, ಗೋರಿಗಳನ್ನೆಲ್ಲ ದಾಟಿದ ಮೇಲೆ. ಗಾಳಿ, ಮಳೆ, ನೆಲದ ಚಳಿ ಇವನ್ನು ಅಳೆದು ಬರೆದುಕೊಳ್ಳುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅಲ್ಲೇ ಒಂಟಿಯಾಗಿ ಕಳೆದದ್ದರಿಂದ ಊರಿನ ಮುಕ್ಕಾಲು ಜನಕ್ಕೆ ಅವನ ಮುಖದ ಗುರುತೇ ಇರಲಿಲ್ಲ. ಸಾಲದ್ದಕ್ಕೆ ಎರಡು ವರ್ಷದಿಂದ ಅವನ ಪಿತ್ತಕೋಶದಲ್ಲಿ ಒಂದು ಕಲ್ಲು ಬಿಡಾರ ಹೂಡಿತ್ತು. ಕೊಬ್ಬಿನದು ಏನು ತಿಂದರೂ ಅದು ಎದ್ದು ಕೂತು ಪ್ರಾಣ ಹಿಂಡುತ್ತಿತ್ತು.

ಕಲ್ಲು ತೆಗೆಯುವ ಡಾಕ್ಟರು ರಾಜಧಾನಿಯಿಂದ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ನಾಲ್ಕು ಸಲ ತಪ್ಪಿದ ಸರದಿ ಈಗ ಐದನೆಯ ಸಲಕ್ಕೆ ಬಂದಿತ್ತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ನರ್ಸು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದಳು. “ಶುಕ್ರವಾರ ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ಬಾಯಿಗೆ ಹಾಕಬೇಡಿ. ತಿಂದಿದ್ದು ಗೊತ್ತಾದ್ರೆ ಕೊಯ್ಯಲ್ಲ, ಮುಂದಿನ ಸರದಿಗೆ ತಳ್ತಾರೆ ಅಷ್ಟೆ.”

ಆ ಶುಕ್ರವಾರವೇ ಸರೋವರದ ದಂಡೆಯ ರಸ್ತೆಯಲ್ಲಿ ಬೀದಿ ತಿಂಡಿಯ ಹಬ್ಬ. ಟೈರಿನ ಅಂಗಡಿಯ ತೊಲೊಗೊನ್ ಮತ್ತು ಭೂಗೋಳದ ಮೇಷ್ಟ್ರು ಮುಕಾಶ್, ಇಬ್ಬರೂ ಶಾರ್ಶೆನ್‌ನ ಬಾಲ್ಯದ ಗೆಳೆಯರು, ಪ್ರತಿ ವರ್ಷ ಮೂವರೂ ಜೊತೆಯಾಗಿ ಹೋಗುವವರು.

“ನೀನು ಬರದೆ ನಮಗೆ ಗಂಟಲಲ್ಲಿ ಇಳಿಯುತ್ತೇನೋ?” ಎಂದ ಮುಕಾಶ್.

“ನಿಮಗೆ ಇಳಿಯುತ್ತೆ ಬಿಡು. ನನಗೆ ಬರೀ ಹೊಟ್ಟೆ ಉರಿ.”

ಆಗಲೇ ತೊಲೊಗೊನ್ ಆ ವಾಸನೆಯ ಪ್ರಶ್ನೆ ಎತ್ತಿದ್ದು. ಶಾರ್ಶೆನ್ ಬಹಳ ಹೊತ್ತು ಯೋಚಿಸಿದ. ನರ್ಸು ಬಾಯಿಯ ವಿಷಯ ಹೇಳಿದ್ದಳೇ ಹೊರತು ಮೂಗಿನ ಸುದ್ದಿಗೆ ಹೋಗಿರಲಿಲ್ಲ. ಎದ್ದು ಕೇಂದ್ರದ ಉದ್ದನೆಯ ಬಿಳಿ ಕೋಟು ಹಾಕಿಕೊಂಡು ಹೊರಟ.

ಆಗಸ್ಟಿನ ಬಿಸಿಲು. ರಸ್ತೆಯ ಎರಡೂ ಕಡೆ ಹೊಗೆ. ತಂದೂರಿನಿಂದ ಆಗಷ್ಟೇ ಕಿತ್ತ ಸಮ್ಸಾದ ಹೊಟ್ಟೆಯೊಳಗೆ ಕುರಿಬಾಲದ ಕೊಬ್ಬು ಕುದಿಯುವ ಸದ್ದು, ಹುಳಿಯಾಗಿ ತಣ್ಣಗಿರುವ ಆಶ್ಲಾನ್-ಫೂ ಶಾವಿಗೆಯ ಮೇಲೆ ಕೆಂಪು ಮೆಣಸಿನೆಣ್ಣೆ. ಗೆಳೆಯರಿಬ್ಬರೂ ಒಂದು ಕಡೆಯಿಂದ ಬಾರಿಸುತ್ತ ನಡೆದರು. ಶಾರ್ಶೆನ್ ಪ್ರತಿ ಅಂಗಡಿಯ ಮುಂದೆ ನಿಂತು, ಕೈ ಹಿಂದಕ್ಕೆ ಕಟ್ಟಿ, ಕಣ್ಣು ಮುಚ್ಚಿ, ಎದೆ ತುಂಬ ವಾಸನೆ ಎಳೆದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದ. ಹಸಿವಿಗೆ ಮುಖ ಸುಣ್ಣ ಬಳಿದಂತಾಗಿತ್ತು.

ಹೀಗೆ ಹೋಗುತ್ತ ರಸ್ತೆಯ ಕೊನೆಯಲ್ಲಿ ಒಂದು ಬೋರ್ಸೋಕ್ ಬಾಣಲೆಯ ಮುಂದೆ ಅವನ ಕಾಲು ನಿಂತುಬಿಟ್ಟಿತು. ಹಿಟ್ಟಿನ ತುಂಡುಗಳು ಕಾದೆಣ್ಣೆಯಲ್ಲಿ ಉಬ್ಬಿ ಮಗ್ಗುಲು ಬದಲಿಸುತ್ತಿದ್ದವು. ಅಲ್ಲಿ ಅವನಂತೆಯೇ ಕೈ ಕಟ್ಟಿ, ಕಣ್ಣು ಮುಚ್ಚಿ ಇನ್ನೊಬ್ಬ ಮುದುಕ ನಿಂತಿದ್ದ. ಅಂಥ ಬಿಸಿಲಲ್ಲೂ ಹತ್ತಿ ತುಂಬಿದ ದಪ್ಪ ಅಂಗಿ ತೊಟ್ಟಿದ್ದ. ಎಡಗಿವಿಯ ತುದಿ ಇರಲಿಲ್ಲ. ಬಾಣಲೆಯ ಹಬೆ ಗಾಳಿಗೆ ಎದುರಾಗಿ ಅವನ ಮೂಗಿನ ಕಡೆಗೆ ಬಾಗಿ, ಅಲ್ಲೇ ಮುಗಿದುಹೋಗುತ್ತಿತ್ತು.

“ನೀವೂ ತಿನ್ನಲ್ವಾ ಬಾಯ್ಕೆ?” ಎಂದು ಶಾರ್ಶೆನ್ ಅಣ್ಣನನ್ನು ಕೇಳುವಂತೆ ಕೇಳಿದ.

ಮುದುಕ ಕಣ್ಣು ತೆರೆದು ನೋಡಿದ. ಯಾರಾದರೂ ಮಾತಾಡಿಸಿ ಬಹಳ ಕಾಲವಾದವನಂತೆ ಅವನ ಮುಖ ಅರಳಿತು. “ನಂದು ಡಾಕ್ಟ್ರು ನಿಲ್ಲಿಸಿಬಿಟ್ರು” ಎಂದ.

“ನಂದೂ ಅಷ್ಟೆ. ಪಿತ್ತಕೋಶದ ಕಲ್ಲು.”

“ನಂದೂ ಅದೇ.”

ಸಮಾನ ದುಃಖದವರು ಸಿಕ್ಕರೆ ಎಂಥ ಸಮಾಧಾನ. ಶಾರ್ಶೆನ್ ಪಕ್ಕಕ್ಕೆ ಸರಿದು ನಿಂತ. ಸರಿದೊಡನೆ ಮೈ ಜುಮ್ಮೆಂದಿತು. ಹವಾಮಾನದವನಿಗೆ ಚಳಿಯ ಲೆಕ್ಕ ಹೇಳಿಕೊಡಬೇಕೇ? ಎರಡು ಹೆಜ್ಜೆ ಈಚೆಗೆ ಇದ್ದುದಕ್ಕಿಂತ ಏನಿಲ್ಲವೆಂದರೂ ಹತ್ತು ಡಿಗ್ರಿ ಕಡಿಮೆ. ಸರೋವರದ ಕಡೆಯ ಗಾಳಿ ಇರಬೇಕು ಎಂದುಕೊಂಡ, ಆದರೆ ಸರೋವರ ಇದ್ದದ್ದು ಆ ಕಡೆಗಲ್ಲ.

ಬಾಣಲೆಯ ಹಿಂದೆ ಕೂತಿದ್ದವಳು ಆಚೆ ದಂಡೆಯ ಹಳ್ಳಿಯ ವಿಧವೆ ಕಾನಿಮೆತ್. ಶುಕ್ರವಾರ ಬಂತೆಂದರೆ ಕಾದೆಣ್ಣೆಯಲ್ಲಿ ಹಿಟ್ಟು ಬಿಟ್ಟು ವಾಸನೆ ಏಳಿಸದ ಹೆಂಗಸು ನಮ್ಮಲ್ಲಿಲ್ಲ. ತೀರಿಕೊಂಡವರು ಬರುತ್ತಾರೆ, ಬಾಯಿಲ್ಲದ ಅವರು ಆ ವಾಸನೆಯನ್ನೇ ಉಂಡು ತೃಪ್ತರಾಗಿ ಹೋಗುತ್ತಾರೆ. ಹಬ್ಬದ ವ್ಯಾಪಾರ ಮಾಡುತ್ತಿದ್ದರೂ ಕಾನಿಮೆತ್ ಮೊದಲ ಹಿಡಿ ಹಿಟ್ಟನ್ನು ಗಂಡನ ಹೆಸರು ಹೇಳಿಯೇ ಎಣ್ಣೆಗೆ ಬಿಟ್ಟಿದ್ದಳು. ಈಗ ತಲೆ ಎತ್ತಿ ನೋಡಿದರೆ, ಉದ್ದ ಬಿಳಿ ಬಟ್ಟೆಯವನೊಬ್ಬ, ಬಿಳಿಚಿಕೊಂಡ ಮುಖ, ಮುಚ್ಚಿದ ಕಣ್ಣು, ಪಕ್ಕದ ಗಾಳಿಯ ಜೊತೆ ಮಾತಾಡುತ್ತ ವಾಸನೆ ಉಣ್ಣುತ್ತಿದ್ದಾನೆ. ಅವಳು ಜಾಲರಿ ಸೌಟಿನಿಂದ ಆಗಷ್ಟೇ ಬೆಂದದ್ದೊಂದನ್ನು ಎತ್ತಿದಳು.

“ತಗೋ ಮಗಾ” ಎಂದು ಒಂದು ಬೋರ್ಸೋಕ್ ಚಾಚಿದಳು.

“ಬೇಡ ಎಜೆ. ನನಗೆ ವಾಸನೆಯೇ ಸಾಕು” ಎಂದು ಶಾರ್ಶೆನ್ ಅಕ್ಕನಿಗೆ ಹೇಳುವಂತೆ ಹೇಳಿದ.

ಅವಳು ಪಕ್ಕದಲ್ಲಿದ್ದ ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಮಾಡಿದಳು. ರೊಟ್ಟಿಯೆಂದರೆ ಬೇರೆ ಮಾತು. ಎಂಥ ಅವಸರದಲ್ಲಿರುವವನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೇ ಹೋಗಬೇಕು, ಜೀವ ಇರುವವರು ಯಾರೂ ಅದಕ್ಕೆ ಬೇಡವೆನ್ನುವುದಿಲ್ಲ.

ಶಾರ್ಶೆನ್‌ಗೆ ನಾಳೆಯ ಒಂಬತ್ತು ಗಂಟೆ ನೆನಪಾಯಿತು. “ಇಲ್ಲ ಎಜೆ, ನಾನು ಮುಟ್ಟೋ ಹಾಗಿಲ್ಲ.”

ಕಾನಿಮೆತ್ ರೊಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. “ಎಲ್ಲಿಂದ ಬಂದೆ?”

“ಮೇಲಿನ ಗುಡ್ಡದಿಂದ. ಗೋರಿಗಳ ಆಚೆಯಿಂದ.”

“ಅಲ್ಲಿ ಚಳೀನಾ?”

“ಕೇಳಬೇಡಿ. ಚಳಿಗಾಲದಲ್ಲಿ ನೆಲದೊಳಗೆ ಮೂರಡಿವರೆಗೂ ಹೆಪ್ಪುಗಟ್ಟಿರುತ್ತೆ. ನಾನೇ ನೋಡೋನಲ್ವಾ.”

ಅವಳ ಕಣ್ಣಲ್ಲಿ ನೀರು ತುಂಬಿತು. “ಊಸೊನ್ ಅಂತ ನಮ್ಮ ಯಜಮಾನರು. ಕಂಡರೆ ಎರಡು ಮಾತು ಹೇಳ್ತೀಯಾ?”

ಹಿರಿಯರಿಗೆ ಆಗುವುದಿಲ್ಲ ಎನ್ನುವುದು ಶಾರ್ಶೆನ್‌ಗೆ ಹುಟ್ಟಿನಿಂದಲೂ ಬಾರದ ವಿದ್ಯೆ. ಗುಡ್ಡದ ಆಚೆ ಮಗ್ಗುಲಿನ ಯಾವನೋ ಕುರಿ ಕಾಯುವವನಿರಬೇಕು ಎಂದುಕೊಂಡು, “ಹೇಳ್ತೀನಿ” ಎಂದುಬಿಟ್ಟ.

“ಕಂದು ಮಣಕ ಹೆಣ್ಣುಗರು ಹಾಕಿದೆ ಅನ್ನು. ಒಲೆ ಕೊಳವೆ ಹೊಗೆ ಉಗುಳ್ತಿತ್ತಲ್ಲ, ರಿಪೇರಿ ಮಾಡಿಸಿದೆ ಅನ್ನು. ಆಮೇಲೆ...” ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು. “ಅವರ ಕುದುರೆ ಮಾರಿದೆ. ಕಾಲುವೆಯಾಚೆಯ ಓರೊಜ್‌ಗೆ. ಇಪ್ಪತ್ತು ವರ್ಷದಿಂದ ಅವನಿಗೂ ಇವರಿಗೂ ಮಾತಿರಲಿಲ್ಲ. ಅದನ್ನ ಮಾತ್ರ ಕೊನೇಲಿ ಹೇಳು, ನಿಧಾನಕ್ಕೆ.”

ಮುದುಕ ಶಾರ್ಶೆನ್‌ನ ತೋಳು ಹಿಡಿದ. ಮಂಜುಗಡ್ಡೆ ತಾಗಿದಂತಾಯಿತು. “ಏನಂತಾಳೆ ಅವಳು?”

“ನಿಮಗೆ ಕೇಳಿಸಲಿಲ್ವಾ ಬಾಯ್ಕೆ?”

“ಈಚೆಗೆ ಯಾರ ಮಾತೂ ಕೇಳಿಸಲ್ಲ. ಬಾಯಿ ಆಡೋದು ಕಾಣುತ್ತೆ ಅಷ್ಟೆ. ನಿನ್ನೊಬ್ಬಂದೇ ಕೇಳಿಸ್ತಿರೋದು.”

“ಏನೋ ಮನೆ ವಿಷಯ. ಬಿಡಿ” ಎಂದ ಶಾರ್ಶೆನ್. ಪರರ ಮನೆಯ ಸುದ್ದಿ ಪರರಿಗೆ ಹೇಳುವುದು ಮರ್ಯಾದೆಯಲ್ಲವಲ್ಲ.

ಅಷ್ಟರಲ್ಲಿ ಕಾನಿಮೆತ್ ಪಕ್ಕದ ಅಂಗಡಿಯವಳ ಕಿವಿ ಕಚ್ಚಿಯಾಗಿತ್ತು. ಅವಳು ಇನ್ನೊಬ್ಬಳಿಗೆ ಹೇಳಿದಳು. ಕಾಲು ಗಂಟೆಯಲ್ಲಿ ಬಾಣಲೆಯ ಸುತ್ತ ಹತ್ತಾರು ಹೆಂಗಸರು, ಎಲ್ಲರ ಕೈಯಲ್ಲೂ ತಿಂಡಿಯ ತಟ್ಟೆ. ಒಬ್ಬಳು ಮುಂದೆ ಬಂದು ತಲೆ ಬಾಗಿಸಿದಳು. “ನಮ್ಮತ್ತೆಗೆ ಹೇಳಿ. ಬೆಳ್ಳಿ ಗುಂಡಿಗಳು ಎಲ್ಲಿಟ್ಟಿದಾರೆ ಅಂತ ಸೊಸೆ ಕೇಳಿದ್ಲು ಅನ್ನಿ. ಮನೆಯೆಲ್ಲ ಅಗೆದಾಯ್ತು.”

“ನಿಮ್ಮತ್ತೆ ಎಲ್ಲಿದಾರೆ?”

“ತೀರ್ಕೊಂಡು ನಾಲ್ಕು ವರ್ಷ ಆಯ್ತಲ್ಲ.”

ಶಾರ್ಶೆನ್‌ಗೆ ಆಗ ವಿಷಯ ತಲೆಗೆ ಹತ್ತಿತು. ಸುತ್ತಲೂ ನೋಡಿದ. ಗೆಳೆಯರಿಬ್ಬರೂ ತಿನ್ನುತ್ತ ಬಂದು ಗುಂಪಿನಲ್ಲಿ ನಿಂತಿದ್ದರು. ಹೆಂಗಸರೆಲ್ಲ ಅವನ ಪಾದದ ಹತ್ತಿರ ನೆರಳಿದೆಯೋ ಇಲ್ಲವೋ ಎಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಮೋಡ ಕವಿದಿದ್ದರಿಂದ ಅದೂ ಇರಲಿಲ್ಲ.

“ಲೋ ತೊಲೊಗೊನ್, ಇವರೆಲ್ಲ ನನ್ನ ಸತ್ತೋನು ಅಂದ್ಕೊಂಡಿದಾರೆ ಕಣೋ. ಹೇಳೋ ಇವರಿಗೆ.”

ತೊಲೊಗೊನ್ ಹೆಂಗಸರನ್ನು ನೋಡಿದ, ಅವರ ಕೈಯಲ್ಲಿದ್ದ ತಟ್ಟೆಗಳನ್ನು ನೋಡಿದ. ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು ಬದುಕಿರುವವರು ತಿಂದು ಹರಸಬೇಕು, ಅದು ಪುಣ್ಯದ ಕೆಲಸ. ಅವನು ಗಂಟಲು ಸರಿಮಾಡಿಕೊಂಡ. “ಸಾಲಾಗಿ ನಿಂತ್ಕೊಳಿ ತಾಯಂದಿರೇ. ನೂಕಬೇಡಿ. ಅವರು ತಿನ್ನಲ್ಲ, ತಟ್ಟೆ ಈ ಕಡೆ ಕೊಡಿ, ಮಾತು ಆ ಕಡೆ ಹೇಳಿ.”

“ಅಯ್ಯೋ ಪಾಪಿ” ಎಂದ ಶಾರ್ಶೆನ್.

“ಒಂದು ತುತ್ತು ತಿಂದುಬಿಡು, ಎಲ್ಲ ಮುಗಿಯುತ್ತೆ” ಎಂದು ಮುಕಾಶ್ ಬಾಯಿ ತುಂಬ ಸಮ್ಸಾ ಇಟ್ಟುಕೊಂಡೇ ಬುದ್ಧಿ ಹೇಳಿದ.

ತುತ್ತು ತಿಂದರೆ ನಾಳೆಯ ಸರದಿ ಹೋಯಿತು, ಇನ್ನು ಮೂರು ತಿಂಗಳು ಕಲ್ಲಿನ ಕಾಟ. ತಿನ್ನದಿದ್ದರೆ ಇವತ್ತೊಂದು ದಿನ ಸತ್ತವನಾಗಿರಬೇಕು. ಒಂದೇ ದಿನ ತಾನೇ ಎಂದು ಶಾರ್ಶೆನ್ ಹಲ್ಲು ಕಚ್ಚಿದ. ಬಂದವರಿಗೆಲ್ಲ “ಆಗಲಿ, ಹೇಳ್ತೀನಿ” ಎಂದ. ಮಗನಿಗೆ ಮದುವೆಯಾಯಿತು ಎಂಬ ಸುದ್ದಿ, ಗೋರಿಗೆ ಬೇಲಿ ಹಾಕಿಸಲಾಗಲಿಲ್ಲ ಎಂಬ ಕ್ಷಮೆ, ಕನಸಿನಲ್ಲಿ ಬಂದು ಹೆದರಿಸಬೇಡಿ ಎಂಬ ಕೋರಿಕೆ. ಹೇಳಿದವರೆಲ್ಲ ಹಗುರಾಗಿ ಹೋಗುತ್ತಿದ್ದರು. ಅವನ ಎದೆ ಮಾತ್ರ ಭಾರವಾಗುತ್ತಿತ್ತು. ಒಬ್ಬಳು ತಾಯಿ ಅವನ ಕೋಟಿನ ಅಂಚನ್ನು ಹಿಡಿದು ಕಣ್ಣಿಗೊತ್ತಿಕೊಂಡು ಹೋದಳು. ಆಗ ಅವನಿಗೂ ಅಳು ಬಂತು.

ತಮಾಷೆಯೆಂದರೆ, ಅಷ್ಟು ನೂಕುನುಗ್ಗಲಿನಲ್ಲೂ ಕಿವಿತುದಿ ಇಲ್ಲದ ಮುದುಕ ನಿಂತ ಜಾಗದಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಸುತ್ತುಹಾಕಿಕೊಂಡು ಹೋಗುತ್ತಿದ್ದರು, ಯಾಕೆ ಸುತ್ತುತ್ತಿದ್ದೇವೆಂದು ತಮಗೇ ಗೊತ್ತಿಲ್ಲದವರ ಹಾಗೆ.

ಸಾಲು ಕರಗಿ ಕಾನಿಮೆತ್ ನೀರು ತರಲು ಹೋದಾಗ, ಕಪ್ಪು ಕನ್ನಡಕದ, ಶಾಲನ್ನು ಹಣೆಯವರೆಗೂ ಎಳೆದುಕೊಂಡ ಒಬ್ಬ ಹೆಂಗಸು ಬಂದಳು. ಪಟ್ಟಣದವಳು. ಆಶ್ಲಾನ್-ಫೂ ಬಟ್ಟಲು ಕೈಯಲ್ಲಿತ್ತು, ತಿಂದಿರಲಿಲ್ಲ.

“ನಾನು ಇದನ್ನೆಲ್ಲ ನಂಬೋಳಲ್ಲ” ಎಂದಳು.

“ನಾನೂ ನಂಬಲ್ಲ” ಎಂದ ಶಾರ್ಶೆನ್ ಆಸೆಯಿಂದ.

“ಆದ್ರೂ ಹೇಳಿಬಿಡ್ತೀನಿ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಊಸೊನ್ ಅನ್ನೋರಿಗೆ ಕಲ್ಲಿನ ಆಪರೇಷನ್ ಮಾಡಿದೆ. ಹೃದಯ ನಿಂತುಹೋಯ್ತು ಅಂತ ಬರೆದೆ. ಹೃದಯ ಚೆನ್ನಾಗೇ ಇತ್ತು. ನನ್ನ ಕೈ ಜಾರಿತು.” ಬಟ್ಟಲಿನೊಳಗಿನ ಹುಳಿನೀರು ಅಲುಗಾಡಿತು. “ಅವತ್ತಿಂದ ಚಾಕು ಹಿಡಿದರೆ ಸಾಕು ಈ ಕೈ ನಡುಗುತ್ತೆ. ಕ್ಷಮಿಸಿದೆ ಅಂತ ಅವರು ಒಂದು ಮಾತು ಅನ್ನಲಿ, ನನ್ನ ಕೈ ಬಿಟ್ಟುಬಿಡಲಿ. ನಾಳೆ ಒಂಬತ್ತಕ್ಕೆ ಮತ್ತೆ ಅದೇ ಟೇಬಲ್, ಅದೇ ಕಲ್ಲು. ಯಾರೋ ಹವಾಮಾನ ಕೇಂದ್ರದೋನಂತೆ.”

ಶಾರ್ಶೆನ್ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಮಾತು ಬೇರೆಡೆಗೆ ಹೋಗಲೆಂದು, “ಅವರು... ನೋಡೋಕೆ ಹೇಗಿದ್ರು?” ಎಂದು ಕೇಳಿದ. ಕೇಳಬಾರದಿತ್ತು.

“ವಯಸ್ಸಾದೋರು. ಎಡಗಿವಿ ತುದಿ ಇರಲಿಲ್ಲ. ಕುದುರೆ ಕಚ್ಚಿದ್ದಂತೆ.”

ಅವನು ಮೆಲ್ಲಗೆ ತಿರುಗಿದ. ಮುದುಕ ಆ ಅರ್ಧಗಿವಿಯ ಹಿಂದೆ ಅಂಗೈ ದೊನ್ನೆ ಮಾಡಿಕೊಂಡು ಅವನ ಮುಖಕ್ಕೆ ಮುಖ ತಂದು ನಿಂತಿದ್ದ. ಉಸಿರಿನ ಬಿಸಿ ಇರಲಿಲ್ಲ.

“ಏನಂತಾಳೆ?” ಎಂದ ಮುದುಕ.

ಆಮೇಲೆ ಆದದ್ದನ್ನು ಜಾರ್-ಬುಲಾಕ್‌ನವರು ಈಗಲೂ ಅಭಿನಯಿಸಿ ತೋರಿಸುತ್ತಾರೆ. ಶಾರ್ಶೆನ್ ಬೋರ್ಸೋಕ್ ಬುಟ್ಟಿಗೆ ಎರಡೂ ಕೈ ಹಾಕಿದ. ಒಂದನ್ನು ನುಂಗುವ ಮೊದಲೇ ಇನ್ನೊಂದನ್ನು ತುರುಕಿದ. ಆಪರೇಷನ್ ತಪ್ಪಬೇಕು, ಅದಕ್ಕೆ ತಿನ್ನಬೇಕು. ತಾನು ಬದುಕಿದ್ದೇನೆಂದು ತನಗೇ ಗೊತ್ತಾಗಬೇಕು, ಅದಕ್ಕೂ ತಿನ್ನಬೇಕು. ಬುಟ್ಟಿ ಖಾಲಿಯಾದ ಮೇಲೆ ತೊಲೊಗೊನ್ ಕೈಯಿಂದ ಸಮ್ಸಾ ಕಿತ್ತುಕೊಂಡ, ಕೊಬ್ಬು ಗದ್ದದಿಂದ ಇಳಿಯಿತು. ಐದು ತಿಂದ, ಆರು ತಿಂದ. ಒಂದೊಂದು ತುತ್ತಿಗೂ ಮುದುಕ ಮಸುಕಾಗುತ್ತ ಹೋದ.

“ನೀನೂ ತಿಂದುಬಿಟ್ಟೆಯಲ್ಲೋ” ಎಂದದ್ದು ಮಾತ್ರ ಕೇಳಿಸಿತು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಒಂಟಿತನವಿತ್ತು. ಆಮೇಲೆ ಅಲ್ಲಿ ಯಾರೂ ಇರಲಿಲ್ಲ, ಹಬೆ ನೆಟ್ಟಗೆ ಮೇಲಕ್ಕೆ ಏಳುತ್ತಿತ್ತು. ಕಪ್ಪು ಕನ್ನಡಕದವಳೂ ಗಲಾಟೆಗೆ ಹೆದರಿ ಜನರಲ್ಲಿ ಸೇರಿಹೋಗಿದ್ದಳು.

ನೀರು ಹೊತ್ತು ಬಂದ ಕಾನಿಮೆತ್ ಕಂಡದ್ದು ಖಾಲಿ ಬುಟ್ಟಿಯನ್ನು, ಉಬ್ಬಿದ ಕೆನ್ನೆಗಳನ್ನು. “ಬದುಕಿದ್ದುಕೊಂಡು ನನ್ನ ಗಂಡನ ವಾಸನೆ ಕುಡಿದ್ಯಾ? ಸತ್ತೋರ ಬಾಯಿಗೆ ಮಣ್ಣು ಹಾಕೋನೇ” ಎಂದು ಜಾಲರಿ ಸೌಟಿನಿಂದ ಬೆನ್ನಿಗೆ ಬಾರಿಸಿದಳು. ಮಾತು ಒಪ್ಪಿಸಿದ ಹೆಂಗಸರೆಲ್ಲ ಸೇರಿಕೊಂಡರು. ಬೆಳ್ಳಿ ಗುಂಡಿಯವಳಂತೂ ತನ್ನ ಗುಟ್ಟು ಊರಿಗೆಲ್ಲ ತಿಳಿಯಿತೆಂದು ಅವನ ಕೋಟಿನ ಕಾಲರ್ ಹಿಡಿದು ಜಗ್ಗಿದಳು. ಗೆಳೆಯರಿಬ್ಬರೂ ತಟ್ಟೆಗಳ ಸಮೇತ ಮೊದಲೇ ಮಾಯವಾಗಿದ್ದರು.

ಆದರೂ ದೊಡ್ಡ ಹೊರೆ ಇಳಿದಂತಾಗಿತ್ತು. ಬೆನ್ನು ಉಜ್ಜಿಕೊಳ್ಳುತ್ತ ಶಾರ್ಶೆನ್ ಗುಡ್ಡದ ದಾರಿ ಹಿಡಿದ. ತಿಂದವನನ್ನು ಕೊಯ್ಯುವುದಿಲ್ಲ, ನರ್ಸೇ ಹೇಳಿದ್ದಾಳೆ. ಮೂರು ತಿಂಗಳಲ್ಲಿ ಬೇರೆ ಡಾಕ್ಟರು ಬಂದರೂ ಬಂದಾರು. ಗೋರಿಗಳ ಹತ್ತಿರ ಬರುವಾಗ ಯಾವ ಕಡೆಗೂ ನೋಡದೆ, ನೆಲ ನೋಡುತ್ತ ಬೇಗ ಬೇಗ ನಡೆದ.

ಕೊನೆಯ ಗೋರಿಯ ಪಕ್ಕದಲ್ಲಿ ಕಲ್ಲು ಎದ್ದು ಕೂತಿತು.

ಎರಡು ವರ್ಷದಲ್ಲಿ ಅದು ಹಾಗೆ ಎದ್ದಿರಲಿಲ್ಲ. ಕುರಿಬಾಲದ ಕೊಬ್ಬು, ಒಂದು ಬುಟ್ಟಿ ಕಾದೆಣ್ಣೆ, ಅದಕ್ಕೂ ಬೇಕಾದದ್ದು ಸಿಕ್ಕಿತ್ತು. ಶಾರ್ಶೆನ್ ಹೊಟ್ಟೆ ಹಿಡಿದು ಕುಸಿದ. ತಪ್ಪೊಪ್ಪಿಕೊಳ್ಳಲು ಹಿಂದೆಯೇ ಏದುಸಿರು ಬಿಡುತ್ತ ಬಂದಿದ್ದ ಗೆಳೆಯರಿಗೆ ಅವನು ಸಿಕ್ಕಿದ್ದು ಗೋರಿಗೆ ಒರಗಿ, ಮೈ ಹಳದಿಗೆ ತಿರುಗಿದ ಸ್ಥಿತಿಯಲ್ಲಿ. ಹೊತ್ತುಕೊಂಡು ಹೋಗಿ ತೊಲೊಗೊನ್‌ನ ಟೈರಿನ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆ ಸೇರಿಸಿದಾಗ ಇನ್ನೂ ಸಂಜೆಯ ಬೆಳಕಿತ್ತು.

“ತಿಂದಿದೀನಿ” ಎಂದು ಅವನು ನರ್ಸಿನ ಕೈ ಹಿಡಿದುಕೊಂಡು ಗೋಗರೆದ. “ತುಂಬ ತಿಂದಿದೀನಿ. ಮುಂದಿನ ಸರದಿಗೆ ಹಾಕಿ.”

“ಕಲ್ಲು ನಾಳದಲ್ಲಿ ಸಿಕ್ಕಿಹಾಕಿಕೊಂಡಿದೆ. ನಾಳೆವರೆಗೂ ಕಾಯೋ ಹಾಗಿಲ್ಲ. ನಿಮ್ಮ ಪುಣ್ಯ, ಡಾಕ್ಟ್ರು ಊರಲ್ಲೇ ಇದಾರೆ.”

ಟೇಬಲ್ ತಣ್ಣಗಿತ್ತು. ನೆತ್ತಿಯ ದೀಪ ಹೊತ್ತಿಕೊಂಡಿತು. ಮುಖಕ್ಕೆ ಬಟ್ಟೆ ಕಟ್ಟಿದ ಡಾಕ್ಟರಮ್ಮ ಬಾಗಿ ನೋಡಿದಳು. ಕನ್ನಡಕವಿಲ್ಲದ ಕಣ್ಣುಗಳು ಮೊದಲು ಕಿರಿದಾಗಿ, ಆಮೇಲೆ ದೊಡ್ಡದಾದವು.

“ನೀವಾ? ನೀವು ಸತ್ತೋರಲ್ವಾ?”

“ಇನ್ನೂ ಇಲ್ಲ ಡಾಕ್ಟ್ರೇ. ಹವಾಮಾನ ಕೇಂದ್ರದೋನು.”

“ಹಾಗಾದ್ರೆ ನನ್ನ ಮಾತು ಅವರಿಗೆ ಮುಟ್ಟಿಲ್ಲ” ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. ಟ್ರೇಯಿಂದ ಚಾಕು ಎತ್ತಿಕೊಂಡಳು. ಚಾಕಿನ ಮೇಲಿನ ಬೆಳಕು ಗೋಡೆಯ ಮೇಲೆಲ್ಲ ಓಡಾಡಿತು.

ಕೋಣೆಯಲ್ಲಿ ಥಟ್ಟನೆ ಚಳಿಯಾಯಿತು. ಹತ್ತು ಡಿಗ್ರಿ, ಅದಕ್ಕಿಂತ ಕಡಿಮೆಯಿಲ್ಲ. ಡಾಕ್ಟರಮ್ಮನ ಭುಜದ ಹಿಂದೆ ಹತ್ತಿಯ ಅಂಗಿ ಕಂಡಿತು, ಅರ್ಧ ಕಿವಿ ಕಂಡಿತು. ಮುದುಕ ಶಾರ್ಶೆನ್‌ನ ಬಾಯಿಂದ ಬರುತ್ತಿದ್ದ ಬೋರ್ಸೋಕ್ ವಾಸನೆಯನ್ನು ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡ. ಇವನನ್ನು ಕಂಡು ಈಗ ಶಾರ್ಶೆನ್‌ಗೆ ಎಲ್ಲಿಲ್ಲದ ಸಂತೋಷವಾಯಿತು. ಒಂದು ಮಾತು ಮುಟ್ಟಿಸಿದರೆ ಆಯಿತು, ಆ ಕೈಯ ನಡುಕ ನಿಲ್ಲುತ್ತದೆ, ಜೀವ ಉಳಿಯುತ್ತದೆ.

“ಬಾಯ್ಕೆ, ಈ ಡಾಕ್ಟರಮ್ಮ ನಿಮಗೆ...”

“ಡಾಕ್ಟ್ರ ಸುದ್ದಿ ಆಮೇಲೆ” ಎಂದ ಮುದುಕ. “ಮೊದಲು ನನ್ನ ಹೆಂಡತಿ ಏನಂದಳು ಅದು ಹೇಳು. ಅವಳ ಮಾತು ಕೇಳಿ ಹನ್ನೊಂದು ತಿಂಗಳಾಯ್ತು.”

ಹಿರಿಯರ ಮಾತಿಗೆ ಆಗುವುದಿಲ್ಲ ಎನ್ನಲು ಆ ಹೊತ್ತಿನಲ್ಲೂ ಶಾರ್ಶೆನ್‌ಗೆ ಬರಲಿಲ್ಲ. “ಕಂದು ಮಣಕ ಹೆಣ್ಣುಗರು ಹಾಕಿದೆಯಂತೆ” ಎಂದು ಉಸಿರು ಬಿಡದೆ ಶುರುಮಾಡಿದ. “ಒಲೆ ಕೊಳವೆ ರಿಪೇರಿ ಆಯ್ತಂತೆ.”

“ಯಾರ ಜೊತೆ ಮಾತಾಡ್ತಿದಾರೆ ಇವರು?” ಎಂದು ನರ್ಸು ರಬ್ಬರಿನ ಮುಸುಕನ್ನು ಅವನ ಮೂಗು ಬಾಯಿಗೆ ಒತ್ತಿ ಹಿಡಿದಳು. “ಹತ್ತರಿಂದ ಕೆಳಕ್ಕೆ ಎಣಿಸಿ.”

“ಹತ್ತು. ನಿಮ್ಮ ಕುದುರೆ...”

“ನನ್ನ ಕುದುರೆ?” ಮುದುಕ ಹತ್ತಿರ ಬಂದ.

“ಒಂಬತ್ತು. ಮಾರಿದಾರಂತೆ.”

“ಯಾರಿಗೆ?”

“ಎಂಟು. ಅದು ಬಿಡಿ ಬಾಯ್ಕೆ, ಡಾಕ್ಟರಮ್ಮ...” ನಾಲಿಗೆ ದಪ್ಪವಾಯಿತು. ದೀಪ ದೂರ ಸರಿಯಿತು. ಹೊಟ್ಟೆಯ ಮೇಲೆ ಒಂದು ತಣ್ಣನೆಯ ತುದಿ ಬಂದು ಕೂತು, ಗಡಗಡ ನಡುಗುತ್ತಿತ್ತು.

“ಯಾರಿಗೆ ಮಾರಿದಳು ಅಂದೆ?”

ಶಾರ್ಶೆನ್‌ನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮುದುಕ ಸ್ವಲ್ಪ ಹೊತ್ತು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಕಾದ. ಆಮೇಲೆ ಟೇಬಲಿನ ತಲೆಕಡೆಗೆ ಒಂದು ಸ್ಟೂಲು ಎಳೆದುಕೊಂಡು ಆರಾಮವಾಗಿ ಕೂತು, ಅವನ ಹಣೆಯ ಮೇಲೆ ಕೈಯಿಟ್ಟ.

“ಪರವಾಗಿಲ್ಲ ಬಿಡು, ಅವಸರ ಏನಿಲ್ಲ” ಎಂದ. “ಇನ್ನೇನು ಬರ್ತೀಯಲ್ಲ. ಬಂದ ಮೇಲೆ ನಿಧಾನಕ್ಕೆ ಹೇಳುವೆಯಂತೆ.”